ಸೈಲೆಂಟ್ ಹಂಟರ್ 3: ಕಾನ್ವಾಯ್ ಹತ್ತಿರ ಹೋಗುವ ಮೊದಲೇ ಎಸ್ಕಾರ್ಟ್ ಹಿಡಿದುಬಿಡುತ್ತದೆ, ಎಂತ ಮಾಡೋದು?

ನಾಪೋಕ್ಲು ಮಳೆ

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ನನ್ನದು. ಜುಲೈ ಬಂತು ಅಂದರೆ ಸಂಜೆ ಮೇಲೆ ಮನೆ ಬಿಟ್ಟು ಎಲ್ಲೂ ಹೋಗುವ ಹಾಗಿಲ್ಲ. ಹಳೇ ಲ್ಯಾಪ್‌ಟಾಪಿನಲ್ಲಿ ಸೈಲೆಂಟ್ ಹಂಟರ್ 3 ಅನ್ನುವ ಸಬ್‌ಮರೀನ್ ಆಟ ಹಾಕಿಕೊಂಡು ಕೂರುತ್ತೇನೆ. 2005ರ ಆಟ, ಗ್ರಾಫಿಕ್ಸ್ ಕಾರ್ಡ್ ಗೀರ್ಡ್ ಏನೂ ಕೇಳುವುದಿಲ್ಲ, ಅದೇ ದೊಡ್ಡ ಉಪಕಾರ.

ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್, ಟೈಪ್ 7ಸಿ ಬೋಟು, 1941ರ ಕೆರಿಯರ್. ಲೋರಿಯಾಂ ಬಂದರಿನಿಂದ ಹೊರಟು ಐರ್ಲೆಂಡಿನ ಪಶ್ಚಿಮಕ್ಕೆ ಹೋಗಿ ಕಾಯುತ್ತೇನೆ. ಒಂಟಿ ಹಡಗು ಸಿಕ್ಕಿದರೆ ಏನೂ ತೊಂದರೆ ಇಲ್ಲ. ಕಾನ್ವಾಯ್, ಅಂದರೆ ಕಾವಲು ಹಡಗುಗಳ (ಎಸ್ಕಾರ್ಟ್) ಜೊತೆ ಸಾಲಾಗಿ ಹೋಗುವ ಸರಕಿನ ಹಡಗುಗಳ ಗುಂಪು, ಬಂತು ಅಂದರೆ ಕಥೆ ಬೇರೆ. ನಾನು ಮಾಡುವುದು ಇಷ್ಟು: ಹೊಗೆ ಕಂಡ ಕೂಡಲೇ ಮುಳುಗುತ್ತೇನೆ. ಪೆರಿಸ್ಕೋಪ್ ಆಳದಲ್ಲಿ ನೇರ ಅವುಗಳ ಕಡೆ ಹೊರಡುತ್ತೇನೆ. ಹಿಂದೆ ಬೀಳಬಾರದು ಅಂತ ಐದಾರು ನಾಟ್ ವೇಗ. ನಡುನಡುವೆ ಪೆರಿಸ್ಕೋಪ್ ಎತ್ತಿ ನೋಡುತ್ತಿರುತ್ತೇನೆ. ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗಲೇ ಒಂದು ಡೆಸ್ಟ್ರಾಯರ್ ಮೂತಿ ತಿರುಗಿಸುತ್ತದೆ. ಆಮೇಲೆ ಅದರ ಸೋನಾರ್ ಸದ್ದು, ಪಿಂಗ್, ಪಿಂಗ್, ಪಿಂಗ್. ಕಾನ್ವಾಯ್ ಆರಾಮಾಗಿ ಹೋಗುತ್ತದೆ, ನಾನು ಕೆಳಗೆ ಡೆಪ್ತ್ ಚಾರ್ಜ್ (ನೀರೊಳಗೆ ಸಿಡಿಯುವ ಬಾಂಬು) ತಿನ್ನುತ್ತಾ ಇರುತ್ತೇನೆ.

ಇನ್ನೊಂದು ವಿಷಯ, ನಗಬೇಡಿ. ನನ್ನದು ಶೀಟಿನ ಮನೆ. ಮಳೆ ಜೋರಾದರೆ ಹೆಡ್‌ಫೋನ್ ಹಾಕಿದರೂ ಹೈಡ್ರೋಫೋನ್ (ನೀರೊಳಗಿನ ಸದ್ದು ಹಿಡಿಯುವ ಯಂತ್ರ) ಸದ್ದು ಕೇಳುವುದಿಲ್ಲ. ಯಾವುದು ಡೆಸ್ಟ್ರಾಯರ್, ಯಾವುದು ಸರಕಿನ ಹಡಗು ಅಂತ ಕಿವಿಯಲ್ಲಿ ಗುರುತು ಹಿಡಿಯುವುದು ಕಷ್ಟ. ಇದಕ್ಕೆ ಏನಾದರೂ ದಾರಿ ಇದೆಯಾ?

ಗೋಣಿಕೊಪ್ಪ ಗೇಮರ್

ಬ್ರೋ, ರಿಯಲಿಸಂ ಆಯ್ಕೆಗೆ ಹೋಗಿ ಸ್ಟೆಲ್ತ್ ಮೀಟರ್ ಹಾಕಿಕೊಳ್ಳಿ. ಹಸಿರು ಇದ್ದರೆ ಮುಂದೆ ಹೋಗೋದು, ಕೆಂಪಾದರೆ ನಿಲ್ಲೋದು. ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಸೋಮವಾರಪೇಟೆ ಪೆರಿಸ್ಕೋಪ್

ಮೀಟರ್ ಹಾಕಿಕೊಂಡು ಆಡುವುದು ಅವರವರ ಇಷ್ಟ. ಆದರೆ ಕೆಂಪಾಯಿತು ಅಂತ ಮಾತ್ರ ಅದು ಹೇಳುತ್ತದೆ, ಯಾಕೆ ಆಯಿತು ಅಂತ ಹೇಳಲ್ಲ. ನಾಪೋಕ್ಲು ಅಣ್ಣ ಕೇಳುತ್ತಿರುವುದು ಆ ಯಾಕೆ ಅನ್ನೋದನ್ನೇ ಅಲ್ವಾ?

ಅಣ್ಣಾ, ನೀವು ಬರೆದದ್ದರಲ್ಲಿ ‘ನೇರ ಅವುಗಳ ಕಡೆ ಹೊರಡುತ್ತೇನೆ’ ಅನ್ನುವ ಮಾತಿದೆಯಲ್ಲ, ಎಲ್ಲ ರಗಳೆ ಅಲ್ಲೇ ಇದೆ. ಕಾನ್ವಾಯ್ ಹತ್ತಿರ ನಾವು ಹೋಗಬಾರದು. ಅದು ನಮ್ಮ ಮೇಲೆ ಬರಬೇಕು. ನಮ್ಮ ಕಡೆ ಕಾಫಿ ಗಿಡದ ಮಧ್ಯೆ ಆನೆ ನಿಂತಿದ್ದರೆ ಹತ್ತು ಹೆಜ್ಜೆಗೂ ಕಾಣುವುದಿಲ್ಲ. ಅದು ಕಾಣದೇ ಇರುವುದು ಅಲುಗಾಡದೆ ನಿಂತಿದೆ ಅನ್ನುವ ಒಂದೇ ಕಾರಣಕ್ಕೆ. ಏಳುನೂರು ಟನ್ನಿನ ಬೋಟಿಗೂ ಅದೇ ಬುದ್ಧಿ ಬೇಕು.

ಲೆಕ್ಕ ಹಾಕಿ ನೋಡಿ. ಎಂಟು ನಾಟ್ ಕಾನ್ವಾಯ್ ಅಂದರೆ ನಿಮಿಷಕ್ಕೆ ಸುಮಾರು 250 ಮೀಟರ್ ಬರುತ್ತದೆ. ಸದ್ದಿಲ್ಲದೆ ಹೋಗಬೇಕು ಅಂದರೆ ನಿಮಗೆ ಇರುವುದು ಎರಡು ನಾಟ್, ಅಂದರೆ ನಿಮಿಷಕ್ಕೆ 60 ಮೀಟರ್ ಚಿಲ್ಲರೆ. ಕಾನ್ವಾಯ್ ಐದು ಕಿಲೋಮೀಟರ್ ದೂರ ಇದ್ದಾಗ ನಿಮ್ಮ ಹತ್ತಿರ 20 ನಿಮಿಷ ಇದೆ. ಅಷ್ಟರಲ್ಲಿ ನೀವು ಸರಿಯಬಹುದಾದ್ದು ಒಂದೂಕಾಲು ಕಿಲೋಮೀಟರ್ ಅಷ್ಟೇ. ನೀವು ಅದರ ದಾರಿಯಿಂದ ಮೂರು ಕಿಲೋಮೀಟರ್ ಪಕ್ಕದಲ್ಲಿ ಮುಳುಗಿದ್ದರೆ ಸದ್ದಿಲ್ಲದೆ ತಲುಪುವ ದಾರಿಯೇ ಇಲ್ಲ. ಆಗ ವೇಗ ಜಾಸ್ತಿ ಮಾಡುತ್ತೀರಿ. ಆರು ನಾಟ್ ಅಂದರೆ ಪ್ರೊಪೆಲರ್ ಗಲಾಟೆ. ಡೆಸ್ಟ್ರಾಯರ್ ಮೂತಿ ತಿರುಗಿಸುವುದು ಅದಕ್ಕೇ.

ಹಾಗಾಗಿ ಓಡುವ ಕೆಲಸ ಎಲ್ಲ ನೀರಿನ ಮೇಲೆ, ಮೊದಲೇ ಮುಗಿಯಬೇಕು. ಟೈಪ್ 7ಸಿ ಮೇಲೆ 17 ನಾಟ್ ಓಡುತ್ತದೆ, ಒಳಗೆ ಜೋರು ಅಂದರೆ ಏಳೂವರೆ. ಹೊಗೆ ಕಂಡಾಗ ಮುಳುಗಬೇಡಿ. ದೂರ ಸರಿಯಿರಿ. ಹೊಗೆ ಮಾತ್ರ ಕಾಣಬೇಕು, ಹಡಗು ಕಾಣಬಾರದು, ಅಷ್ಟು ದೂರ. ಅಲ್ಲಿಂದ ಅವುಗಳ ಪಕ್ಕಕ್ಕೇ 16 ನಾಟಿನಲ್ಲಿ ಓಡಿ. ಕಾನ್ವಾಯ್ ಎಂಟರಲ್ಲಿ ಹೋಗುತ್ತಿದ್ದರೆ ಗಂಟೆಗೆ 15 ಕಿಲೋಮೀಟರ್ ಹತ್ತಿರ ಹತ್ತಿರ ಮುಂದೆ ಬರುತ್ತೀರಿ. ಎರಡು ಮೂರು ಗಂಟೆ ಓಡಿದರೆ ಸಾಕು. ಆಮೇಲೆ ಅದರ ದಾರಿಗೆ ಅಡ್ಡ ಹೋಗಿ ಮುಳುಗಿ, ಇಪ್ಪತ್ತು ಇಪ್ಪತ್ತೈದು ಮೀಟರಿಗೆ ಇಳಿದು ಕಿವಿ ಕೊಡಿ. ಆ ಕಾಲದ ನಿಜ ಬೋಟುಗಳೂ ಮಾಡುತ್ತಿದ್ದದ್ದು ಇದೇ.

ಈಗ ಹೈಡ್ರೋಫೋನ್ ವಿಷಯ. ಕಿವಿ ಬೇಡ, ಬೇರಿಂಗ್, ಅಂದರೆ ಸದ್ದು ಯಾವ ದಿಕ್ಕಿನಿಂದ ಅನ್ನುವ ಡಿಗ್ರಿ, ಸಾಕು. ನಿಮ್ಮ ಸೋನಾರ್ ಹುಡುಗ ಸುಮ್ನೆ ಕೂತಿರುತ್ತಾನಲ್ಲ, ಅವನ ಮೆನುವಿನಲ್ಲಿ ಹತ್ತಿರದ ಯುದ್ಧನೌಕೆ ಎಲ್ಲಿದೆ ಅಂತ ಕೇಳುವ ಆಜ್ಞೆ ಇದೆ. ಕೇಳಿ, ಉತ್ತರ ಪರದೆ ಮೇಲೂ ಬರುತ್ತದೆ. ಶೀಟಿನ ಮೇಲೆ ಎಷ್ಟು ಮಳೆ ಬಿದ್ದರೂ ಓದಬಹುದು. ಐದೈದು ನಿಮಿಷಕ್ಕೆ ಒಮ್ಮೆ ಬೇರಿಂಗ್ ಬರೆದುಕೊಳ್ಳಿ. ಬೋಟು ನಿಂತಿರುವಾಗ ಬೇರಿಂಗ್ ಬದಲಾಗದೆ ಸದ್ದು ಮಾತ್ರ ಜಾಸ್ತಿ ಆಗುತ್ತಿದ್ದರೆ ಅದು ನೇರ ನಿಮ್ಮ ತಲೆ ಮೇಲೆ ಬರುತ್ತಿದೆ. ಬಲಕ್ಕೋ ಎಡಕ್ಕೋ ಸರಿಯುತ್ತಿದ್ದರೆ ಆ ಪಕ್ಕದಿಂದ ದಾಟಿ ಹೋಗುತ್ತದೆ. ನನ್ನ ಟೇಬಲ್ ಮೇಲೆ ಒಂದು ಮಗ್ಗಿ ಪುಸ್ತಕದಷ್ಟು ದೊಡ್ಡ ನೋಟ್‌ಬುಕ್ ಇದೆ, ಇದೇ ಕೆಲಸಕ್ಕೆ. ಹೆಂಡತಿ ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದಾಳೆ.

ನಾಪೋಕ್ಲು ಮಳೆ

ಅಣ್ಣಾ, ಬೇರಿಂಗ್ ಉಪಾಯ ತುಂಬ ಚೆನ್ನಾಗಿದೆ. ಪರದೆ ಮೇಲೆ ಓದಬಹುದು ಅನ್ನೋದು ಹೊಳೆದೇ ಇರಲಿಲ್ಲ. ಸರಿ, ಮುಂದೆ ಹೋಗಿ ನಿಂತೆ ಅಂತ ಇಟ್ಟುಕೊಳ್ಳಿ. ಮುಂಚೂಣಿ ಎಸ್ಕಾರ್ಟ್ ನೇರ ನನ್ನ ಮೇಲೇ ಬರುತ್ತದಲ್ಲ, ಆಗ ಎಂತ ಮಾಡೋದು? ಎಂಜಿನ್ ಪೂರ್ತಿ ನಿಲ್ಲಿಸಬೇಕಾ? ಆಳಕ್ಕೆ ಹೋಗಬೇಕಾ?

ಸೋಮವಾರಪೇಟೆ ಪೆರಿಸ್ಕೋಪ್

ಆ ಹದಿನೈದು ನಿಮಿಷವೇ ಈ ಆಟದ ಜೀವ. ಸ್ವಲ್ಪ ಉದ್ದ ಬರೆಯುತ್ತೇನೆ.

ಎಸ್ಕಾರ್ಟಿಗೆ ಮೂರು ಇಂದ್ರಿಯ. ಕಣ್ಣು, ಕಿವಿ, ಆಸ್ಡಿಕ್ (ಪಿಂಗ್ ಬಿಟ್ಟು ಅದು ಬಡಿದು ವಾಪಸ್ ಬರುವುದನ್ನು ಕೇಳುವ ಬ್ರಿಟಿಷರ ಸೋನಾರ್). ರೇಡಾರ್ ಆಮೇಲೆ ಬರುತ್ತದೆ. ಕಿವಿಗೆ ಮದ್ದು ವೇಗ ತಗ್ಗಿಸುವುದು. ಸೈಲೆಂಟ್ ರನ್ನಿಂಗ್‌ಗೆ ಝಡ್ ಕೀ ಒತ್ತಿ. ಆಗ ಟಾರ್ಪಿಡೊ ತುಂಬುವುದು, ರಿಪೇರಿ ಎಲ್ಲ ನಿಲ್ಲುತ್ತದೆ. ಅದನ್ನು ಮರೆತು ‘ಟ್ಯೂಬ್ ಯಾಕೆ ಇನ್ನೂ ತುಂಬಿಲ್ಲ’ ಅಂತ ಕೇಳುವವರು ಬಹಳ ಜನ. ಮುಳುಗುವ ಮೊದಲೇ ಐದು ಟ್ಯೂಬೂ ತುಂಬಿರಲಿ, ಮುಂದೆ ನಾಲ್ಕು, ಹಿಂದೆ ಒಂದು.

ಆಸ್ಡಿಕ್‌ಗೆ ಮದ್ದು ಬೋಟಿನ ಮೈ ತೋರಿಸದೆ ಇರುವುದು. ಬೋಟಿನ ಉದ್ದ 67 ಮೀಟರ್. ಅದನ್ನು ಅಡ್ಡ ಹಿಡಿದರೆ ಪಿಂಗ್ ಬಡಿದು ವಾಪಸ್ ಹೋಗಲು ದೊಡ್ಡ ಗೋಡೆ ಸಿಕ್ಕಿದ ಹಾಗಾಯಿತು. ಮೂತಿಯನ್ನೋ ಬಾಲವನ್ನೋ ಅದರ ಕಡೆ ಇಟ್ಟರೆ ಅಗಲ ಆರು ಮೀಟರ್ ಚಿಲ್ಲರೆ. ಎಸ್ಕಾರ್ಟ್ ಬೇರಿಂಗ್ ಸರಿದ ಹಾಗೆಲ್ಲ ನೀವೂ ನಿಧಾನ ತಿರುಗುತ್ತಾ ಇರಿ. ನೀವು ಬರೆದದ್ದು ನೋಡಿದರೆ ಕಾನ್ವಾಯ್ ಕಡೆ ಮೂತಿ ಇಟ್ಟಿದ್ದೀರಿ, ಪಕ್ಕದ ಎಸ್ಕಾರ್ಟಿಗೆ ನಿಮ್ಮ ಹೊಟ್ಟೆ ಪೂರ್ತಿ ಕಂಡಿರಬೇಕು.

ಎಂಜಿನ್ ಪೂರ್ತಿ ನಿಲ್ಲಿಸಬೇಡಿ. ನಿಂತ ಬೋಟು ತಿರುಗುವುದೂ ಇಲ್ಲ, ಆಳ ಕಾಯುವುದೂ ಕಷ್ಟ. ಒಂದು ಒಂದೂವರೆ ನಾಟ್ ಇರಲಿ.

ಮುಂಚೂಣಿಯದು ನೇರ ಮೇಲೆ ಬಂದರೆ ನಾನು ಪೆರಿಸ್ಕೋಪ್ ಇಳಿಸಿ ಮೂವತ್ತು ನಲವತ್ತು ಮೀಟರಿಗೆ ಇಳಿಯುತ್ತೇನೆ, ಮೂತಿ ಅದರ ಕಡೆ. ಅದು ತಲೆ ಮೇಲಿಂದ ದಾಟಿದ ಕೂಡಲೇ ಬಾಗಿಲು ತೆರೆದ ಹಾಗೆ. ಹಡಗಿನ ಹಿಂಭಾಗದಲ್ಲಿ ಅದರದೇ ಪ್ರೊಪೆಲರ್ ಸದ್ದು, ಅಲ್ಲಿ ಅದು ಕಿವುಡು. ಆಸ್ಡಿಕ್ ಕಿರಣವೂ ಮುಂದಕ್ಕೆ ನೋಡುವುದು, ನೇರ ಕೆಳಗೆ ಇರುವುದು ಅದಕ್ಕೆ ಸಿಗುವುದಿಲ್ಲ. ಅದು ದಾಟಿ, ಪಕ್ಕದ ಎಸ್ಕಾರ್ಟ್ ಇನ್ನೂ ಸಾಲಿನ ಆ ತುದಿಯಲ್ಲಿ ಇರುವಾಗ ಮೆಲ್ಲಗೆ ಪೆರಿಸ್ಕೋಪ್ ಆಳಕ್ಕೆ ಏರಬೇಕು. ಈಗ ನೀವು ಬೇಲಿ ಒಳಗೆ.

ಕಣ್ಣಿಗೆ ಮದ್ದು: ಐದು ಸೆಕೆಂಡು ಎತ್ತುವುದು, ನೋಡುವುದು, ಇಳಿಸುವುದು. ಎತ್ತುವಾಗ ವೇಗ ಎರಡು ನಾಟಿಗಿಂತ ಕೆಳಗೆ ಇರಲಿ, ಇಲ್ಲದಿದ್ದರೆ ನೀರು ಸೀಳಿ ಬಿಳಿ ಗೆರೆ ಬರುತ್ತದೆ. ದಾಳಿಯ ಪೆರಿಸ್ಕೋಪನ್ನೇ ಬಳಸಿ, ಅದರ ತಲೆ ಸಣ್ಣದು. ಗಾಳಿ ಎಷ್ಟಿದೆ ಅಂತ ಮೊದಲೇ ಕೇಳಿಕೊಳ್ಳಿ. ಗಾಳಿ ಇಲ್ಲದೆ ಸಮುದ್ರ ಕನ್ನಡಿ ಥರ ಇದ್ದರೆ ಹಗಲಲ್ಲಿ ನಾನು ಕಾನ್ವಾಯ್ ಮುಟ್ಟುವುದೇ ಇಲ್ಲ, ರಾತ್ರಿವರೆಗೆ ಹಿಂಬಾಲಿಸುತ್ತೇನೆ. ಸೆಕೆಂಡಿಗೆ ಹದಿನೈದು ಮೀಟರ್ ಗಾಳಿ ಇದ್ದರೆ ಅಲೆಯಲ್ಲಿ ನಮಗೂ ಏನೂ ಕಾಣಲ್ಲ, ಅವರಿಗೂ ಕಾಣಲ್ಲ. ಏಳೆಂಟು ಇದ್ದರೆ ಹಬ್ಬ.

ಹಗಲಲ್ಲಿ ಜಿ7ಇ ಟಾರ್ಪಿಡೊ ಹಾಕಿ. ಬ್ಯಾಟರಿಯದು, ಗುಳ್ಳೆ ಬಿಡುವುದಿಲ್ಲ. 30 ನಾಟ್, ಸಾವಿರ ಮೀಟರಿಗೆ ಒಂದು ನಿಮಿಷ ಚಿಲ್ಲರೆ. ಜಿ7ಎ ವೇಗ ಜಾಸ್ತಿ ಇದ್ದರೂ ನೀರಿನ ಮೇಲೆ ಗುಳ್ಳೆಯ ಗೆರೆ ಎಳೆಯುತ್ತಾ ಹೋಗುತ್ತದೆ, ಅದು ರಾತ್ರಿಗೆ. 300 ಮೀಟರಿಗಿಂತ ಹತ್ತಿರದಿಂದ ಯಾವುದನ್ನೂ ಬಿಡಬೇಡಿ, ಅಷ್ಟು ದೂರ ಓಡದೆ ಅದು ಸಿಡಿಯಲು ತಯಾರಾಗುವುದಿಲ್ಲ.

ಇನ್ನೊಂದು. ನಾಪೋಕ್ಲು ಕರೆಂಟ್ ನನಗೆ ಗೊತ್ತು. ಇನ್ವರ್ಟರ್ ಕೂಗುತ್ತಿದೆ ಅಂತ ನೀರೊಳಗೆ ಇರುವಾಗ, ಕಾನ್ವಾಯ್ ಪಕ್ಕದಲ್ಲೇ ಸೇವ್ ಮಾಡಬೇಡಿ. ಈ ಆಟದಲ್ಲಿ ಅಂಥ ಸೇವ್ ಕೆಡುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಮೇಲೆ ಬಂದು, ಸುತ್ತ ಯಾರೂ ಇಲ್ಲದಾಗ ಮಾಡಿ.

ಹಳೇ ಸೋನಾರ್

ನಾನು ಆಟ ಆಡುವವನಲ್ಲ. ಮೊಮ್ಮಗ ತೋರಿಸಿದ ಅಂತ ಓದಿದೆ. ನೌಕಾಪಡೆಯಲ್ಲಿ ಸೋನಾರ್ ಮುಂದೆ ಕೂತು ಸರ್ವಿಸ್ ಮುಗಿಸಿದವನು, ಈಗ ವಿರಾಜಪೇಟೆ ಹತ್ತಿರ ಒಳ್ಳೆಮೆಣಸು ಬಳ್ಳಿ ನೋಡಿಕೊಂಡಿದ್ದೇನೆ. ಕೊಡಗಿನಿಂದ ಸೈನ್ಯಕ್ಕೆ ಹೋದವರು ಮನೆಗೊಬ್ಬರು ಇದ್ದಾರೆ, ನಮ್ಮ ಊರಿನಲ್ಲಿ ಸಮುದ್ರಕ್ಕೆ ಹೋದವನು ನಾನೇ.

ಹುಡುಗ ಹೇಳಿದ್ದು ಸರಿ ಇದೆ. ನಿಜ ಸಮುದ್ರದ ಒಂದೆರಡು ಮಾತು ಸೇರಿಸುತ್ತೇನೆ. ಜೋರು ಮಳೆ ಸಮುದ್ರದ ಮೇಲೆ ಬಿದ್ದರೆ ನೀರೊಳಗೂ ಸದ್ದು ತುಂಬುತ್ತದೆ, ಕೇಳುವವನಿಗೆ ದೂರದ್ದು ಏನೂ ಕೇಳುವುದಿಲ್ಲ. ನಾಪೋಕ್ಲು ತಮ್ಮನ ಶೀಟಿನ ತೊಂದರೆ ನಮಗೂ ಇತ್ತು ಅಂತ ಇಟ್ಟುಕೊಳ್ಳಿ. ಇನ್ನೊಂದು, ಬಿಸಿಲು ಕಾದ ಮಧ್ಯಾಹ್ನ. ಮೇಲಿನ ನೀರು ಬೆಚ್ಚಗಾಗುತ್ತದೆ, ಕೆಳಗಿನದು ತಣ್ಣಗೆ. ಶಬ್ದ ತಣ್ಣೀರಿನ ಕಡೆಗೆ ಬಾಗುತ್ತದೆ. ಬೆಳಿಗ್ಗೆ ಚೆನ್ನಾಗಿ ಸಿಗುತ್ತಿದ್ದ ಗುರಿ ಮಧ್ಯಾಹ್ನ ಸಿಗುವುದಿಲ್ಲ. ಇದಕ್ಕೆ ಯಂತ್ರ ಕೆಟ್ಟಿದೆ ಅಂತ ಹೊಸಬರು ಬೈಸಿಕೊಳ್ಳುತ್ತಿದ್ದರು. ಆ ತಣ್ಣೀರಿನ ಪದರದ ಕೆಳಗೆ ಹೊಕ್ಕ ಸಬ್‌ಮರೀನನ್ನು ಮೇಲಿನ ಹಡಗು ಹುಡುಕುವುದು ಬಹಳ ಕಷ್ಟ.

ಇದು ಎರಡನೇ ಮಹಾಯುದ್ಧದ ಕಥೆ ಮಾತ್ರ ಅಂದುಕೊಳ್ಳಬೇಡಿ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ನಮ್ಮ ಐಎನ್‌ಎಸ್ ಖುಕ್ರಿ ಮುಳುಗಿತು. ಅದು ಸಬ್‌ಮರೀನ್ ಬೇಟೆಗೆ ಅಂತಲೇ ಹೊರಟ ಹಡಗು. ಪಾಕಿಸ್ತಾನದ ಸಬ್‌ಮರೀನ್ ಹ್ಯಾಂಗೋರ್ ನೀರೊಳಗೆ ಕಿವಿ ಕೊಟ್ಟುಕೊಂಡು, ಅದರ ದಾರಿ ಲೆಕ್ಕ ಹಾಕಿ, ಕಾದು ಹೊಡೆಯಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಆಟ ಆಡಿ, ಬೇಡ ಅನ್ನಲ್ಲ. ಮೇಲೆ ಹೋಗುವ ಹಡಗಿನಲ್ಲೂ ಜನ ಇರುತ್ತಾರೆ ಅಂತ ನೆನಪಿರಲಿ.

ಸೋಮವಾರಪೇಟೆ ಪೆರಿಸ್ಕೋಪ್

ಸರ್, ನಿಮ್ಮಂಥವರು ಇಲ್ಲಿ ಬರೆದದ್ದು ನಮ್ಮ ಭಾಗ್ಯ. ಒಂದು ಮಾತು ಆಟದವರಿಗೆ: ಸರ್ ಹೇಳಿದ ತಣ್ಣೀರಿನ ಪದರ ಸೈಲೆಂಟ್ ಹಂಟರ್ 3ರಲ್ಲಿ ಇಲ್ಲ. 4ರಲ್ಲಿ, ಪೆಸಿಫಿಕ್ ಸಾಗರದ ಆಟದಲ್ಲಿ, ಇದೆ. ಅಲ್ಲಿ ಪದರ ದಾಟಿದಾಗ ಸಿಬ್ಬಂದಿಯೇ ಕೂಗಿ ಹೇಳುತ್ತಾರೆ. 3ರಲ್ಲಿ ಅದನ್ನು ನಂಬಿಕೊಂಡು ಆಳಕ್ಕೆ ಹೋಗಬೇಡಿ.

ಗೋಣಿಕೊಪ್ಪ ಗೇಮರ್

ಇಷ್ಟೆಲ್ಲ ಯಾಕೆ ಅಣ್ಣ? ರಾತ್ರಿ ನೀರಿನ ಮೇಲೇ ನುಗ್ಗಿ ಹೊಡೆಯೋದು. ಜರ್ಮನ್ ಸಬ್‌ಮರೀನ್ ಕ್ಯಾಪ್ಟನ್ ಕ್ರೆಚ್ಮರ್ ಮಾಡುತ್ತಿದ್ದದ್ದು ಹಾಗೇ ಅಲ್ವಾ? ಆಸ್ಡಿಕ್ ನೀರಿನ ಮೇಲಿರುವ ಬೋಟನ್ನು ಹಿಡಿಯೋದೇ ಇಲ್ಲ.

ಸೋಮವಾರಪೇಟೆ ಪೆರಿಸ್ಕೋಪ್

ಹೌದು, ಮಾಡುತ್ತಿದ್ದ. ಕತ್ತಲಲ್ಲಿ ಕಾನ್ವಾಯ್ ಸಾಲುಗಳ ಒಳಗೇ ಹೊಕ್ಕು, ಒಂದು ಹಡಗಿಗೆ ಒಂದೇ ಟಾರ್ಪಿಡೊ ಅಂತ ಹೊಡೆಯುತ್ತಿದ್ದ. 1940ರಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆದರೆ 1941ರ ಮಾರ್ಚ್ 17ರಂದು ಎಂತ ಆಯಿತು ನೋಡಿ. ಎಚ್‌ಎಕ್ಸ್ 112 ಕಾನ್ವಾಯ್ ಮೇಲೆ ಅವನ ಬೋಟು ಯು-99, ಇನ್ನೊಬ್ಬ ಕ್ಯಾಪ್ಟನ್ ಶೆಪ್ಕೆಯ ಯು-100 ಎರಡೂ ಬಿದ್ದಿದ್ದವು. ಯು-100 ಕತ್ತಲಲ್ಲಿ ನೀರಿನ ಮೇಲಿತ್ತು. ವ್ಯಾನೋಕ್ ಅನ್ನುವ ಡೆಸ್ಟ್ರಾಯರ್ ಅದನ್ನು ರೇಡಾರಿನಲ್ಲಿ ಹಿಡಿದು ಗುದ್ದಿ ಮುಳುಗಿಸಿತು. ಅದೇ ರಾತ್ರಿ ಯು-99 ಕೂಡ ಹೋಯಿತು, ಕ್ರೆಚ್ಮರ್ ಸೆರೆಯಾದ. ಅದೇ ವರ್ಷ ಬ್ರಿಟಿಷರು 10 ಸೆಂಟಿಮೀಟರ್ ತರಂಗದ ಟೈಪ್ 271 ರೇಡಾರ್ ಹಡಗುಗಳಿಗೆ ಹಾಕತೊಡಗಿದರು. ಕತ್ತಲು ಅನ್ನುವ ರಕ್ಷಣೆ ಅಲ್ಲಿಗೆ ತೆಳುವಾಯಿತು.

ಈ ನುಗ್ಗುವ ಉಪಾಯವನ್ನು ಬ್ರಿಟಿಷರು ಪತ್ತೆ ಹಚ್ಚಿದ್ದೂ ಒಂದು ಆಟ ಆಡಿಯೇ, ಗೊತ್ತಾ? 1942ರ ಜನವರಿಯಲ್ಲಿ ಲಿವರ್‌ಪೂಲಿನಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಅನ್ನುವ ಅಧಿಕಾರಿ ಒಂದು ಘಟಕ ಶುರು ಮಾಡಿದರು. ಕೆಲಸ ಮಾಡಿದವರು ಹೆಚ್ಚಿನವರು ಮಹಿಳಾ ನೌಕಾದಳದ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ನೆಲದ ಮೇಲೆ ಚೌಕ ಎಳೆದು, ಪುಟ್ಟ ಹಡಗು ಇಟ್ಟು, ಸೀಮೆಸುಣ್ಣದಲ್ಲಿ ದಾರಿ ಗೀಚುತ್ತಿದ್ದರು. ಎಸ್ಕಾರ್ಟ್ ಕ್ಯಾಪ್ಟನ್‌ಗಳು ಪರದೆಯ ಕಿಂಡಿಯಲ್ಲಿ ಮಾತ್ರ ನೋಡಬೇಕು, ಅವರಿಗೆ ನಿಜ ಸಮುದ್ರದಲ್ಲಿ ಕಾಣುವಷ್ಟೇ ಕಾಣಬೇಕು ಅಂತ. ಬೋಟುಗಳು ಹೊರಗಿನಿಂದ ಹೊಡೆಯುತ್ತಿಲ್ಲ, ಹಿಂದಿನಿಂದ ಬಂದು ಸಾಲುಗಳ ಒಳಗೆ ಸೇರಿಕೊಂಡು ಹೊಡೆಯುತ್ತಿವೆ ಅಂತ ಆ ನೆಲದ ಮೇಲೆ ಗೊತ್ತಾಯಿತು. ಅದಕ್ಕೆ ಕಟ್ಟಿದ ಪ್ರತಿದಾಳಿಗೆ ‘ರಾಸ್ಪ್‌ಬೆರಿ’ ಅಂತ ಹೆಸರು. ನಾವೂ ಎಂಬತ್ತು ವರ್ಷ ಆದ ಮೇಲೆ ಅದನ್ನೇ ಆಡುತ್ತಿದ್ದೇವೆ, ಎದುರು ಪಕ್ಷದಿಂದ.

ಹಾಗಾಗಿ ಗೋಣಿಕೊಪ್ಪದವರೇ, ನಿಮ್ಮ ಕೆರಿಯರ್ 1939, 40ರಲ್ಲಿ ಇದ್ದರೆ ರಾತ್ರಿ ನುಗ್ಗಿ. ಚಂದ್ರ ಇದ್ದರೆ ಅದು ಹಡಗುಗಳ ಬೆನ್ನಿಗೆ ಇರಲಿ, ನೀವು ಕತ್ತಲ ಕಡೆ ಇರಿ. ಎಸ್ಕಾರ್ಟಿಗೆ ಮೂತಿಯೇ ಕಾಣಲಿ. ವೇಗ ಕಡಿಮೆ ಇರಲಿ, ಬಿಳಿ ನೊರೆ ದೂರಕ್ಕೆ ಕಾಣುತ್ತದೆ. 1941ರ ಕೊನೆ ಬಂದ ಮೇಲೆ ಇದನ್ನು ಮರೆತುಬಿಡಿ.

ನಾಪೋಕ್ಲು ಮಳೆ

ನಿನ್ನೆ ರಾತ್ರಿ ಆಡಿದೆ. ಪಕ್ಕದಿಂದ ಓಡಿ ಮುಂದೆ ಹೋಗಿ ನಿಂತೆ. ಮಳೆ ಎಂದಿನಂತೆ ಬಡಿಯುತ್ತಿತ್ತು, ಬೇರಿಂಗ್ ಎಲ್ಲ ಪರದೆ ನೋಡಿಯೇ ಬರೆದುಕೊಂಡೆ, ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ. 352, 352, 353. ಮುಂಚೂಣಿ ಕಾರ್ವೆಟ್ ತಲೆ ಮೇಲಿಂದಲೇ ಹೋಯಿತು. ಅದರ ಪ್ರೊಪೆಲರ್ ಸದ್ದು ಮಾತ್ರ ಶೀಟಿನ ಮಳೆಯನ್ನೂ ಮೀರಿ ಕೇಳಿತು ಅಣ್ಣಾ, ಕೈ ಬೆವರಿತ್ತು. ಪೆರಿಸ್ಕೋಪ್ ಎತ್ತಿದರೆ ಎರಡು ಸಾಲಿನ ಮಧ್ಯೆ ಇದ್ದೇನೆ! ಎಣ್ಣೆ ಹಡಗು ಒಂದು, ಸರಕಿನದು ಒಂದು ಹೋಯಿತು.

ಹೊಡೆದ ಮೇಲೆ ಹೊರಗೆ ಓಡಬೇಕಾ, ಅಲ್ಲೇ ಇರಬೇಕಾ? ನಾನು ಹೊರಗೆ ಓಡಿದೆ, ಒಳ್ಳೆ ಪೆಟ್ಟು ಬಿತ್ತು. ಇನ್ನೊಂದು, ಕೆರಿಯರ್ ಮುಂದೆ 1942ಕ್ಕೆ ಹೋದ ಮೇಲೆ ಮೆಟಾಕ್ಸ್ ಅಂತ ಶತ್ರುವಿನ ರೇಡಾರ್ ಗುರುತಿಸುವ ಯಂತ್ರ ಒಂದು ಬರುತ್ತದಂತೆ. ರಿನೌನ್ (ಆಟದಲ್ಲಿ ಗಳಿಸುವ ಅಂಕ) ಕೊಟ್ಟು ಹಾಕಿಸಬಹುದಾ?

ಸೋಮವಾರಪೇಟೆ ಪೆರಿಸ್ಕೋಪ್

ಶಭಾಷ್! ಎಣ್ಣೆ ಹಡಗು ಸಿಕ್ಕಿದ್ದು ಲಾಟರಿ.

ಹೊಡೆದ ಮೇಲೆ ಹೊರಗೆ ಓಡಬೇಡಿ, ಅಲ್ಲೇ ಅವರು ಹುಡುಕುವುದು. ಕಾನ್ವಾಯ್ ಕೆಳಗೇ ಇಳಿಯಿರಿ. ಮೇಲೆ ಸರಕಿನ ಹಡಗುಗಳ ಸದ್ದು, ಸಾಲಿನ ಮಧ್ಯೆ ಎಸ್ಕಾರ್ಟಿಗೆ ಬೇಕಾದ ಹಾಗೆ ತಿರುಗಲು ಜಾಗವೂ ಇಲ್ಲ. ಕಾನ್ವಾಯ್ ಹೋಗುವ ದಿಕ್ಕಿಗೆ ವಿರುದ್ಧವಾಗಿ ಎರಡು ನಾಟಿನಲ್ಲಿ ಇಳಿಯುತ್ತಾ ಹೋದರೆ ಅವರು ಮುಂದೆ, ನೀವು ಹಿಂದೆ. ಯಾವುದಾದರೂ ಬೆನ್ನು ಹತ್ತಿದರೆ 150 ಮೀಟರ್ ಆಳಕ್ಕೆ ಹೋಗಿ. ಡೆಪ್ತ್ ಚಾರ್ಜ್ ಸೆಕೆಂಡಿಗೆ ಮೂರು ಮೀಟರ್ ಲೆಕ್ಕದಲ್ಲಿ ಇಳಿಯುತ್ತದೆ, ನಿಮ್ಮ ಹತ್ತಿರ ಐವತ್ತು ಸೆಕೆಂಡ್ ಇದೆ. ಅದು ತಲೆ ಮೇಲೆ ಬಂದು ಪಿಂಗ್ ನಿಂತ ಕ್ಷಣ ಪೂರ್ತಿ ವೇಗ ಕೊಟ್ಟು ಪಕ್ಕಕ್ಕೆ ತಿರುಗಿ. ಸಿಡಿದ ಸದ್ದಿನಲ್ಲಿ ಯಾರಿಗೂ ಏನೂ ಕೇಳುವುದಿಲ್ಲ. ಸದ್ದು ತಗ್ಗುವ ಮೊದಲು ಮತ್ತೆ ಎರಡು ನಾಟ್.

ಮೆಟಾಕ್ಸ್ ಹಾಕಿಸಿ, 1942ರಲ್ಲಿ ವಿಮಾನದ ಕಾಟಕ್ಕೆ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಹಿಡಿಯುವುದು ಉದ್ದ ತರಂಗದ ಹಳೇ ರೇಡಾರ್ ಮಾತ್ರ. 10 ಸೆಂಟಿಮೀಟರಿನದಕ್ಕೆ ಅದು ಬಾಯಿ ಬಿಡುವುದಿಲ್ಲ. ಅದು ಸುಮ್ಮನಿದೆ ಅಂತ ಧೈರ್ಯವಾಗಿ ನೀರಿನ ಮೇಲೆ ಕೂರಬೇಡಿ. 1943ರಲ್ಲಿ ನಾಕ್ಸೋಸ್ ಬರುತ್ತದೆ, ಆಗ ಬದಲಾಯಿಸಿ. ಅಲ್ಲಿಯವರೆಗೆ ರಿನೌನ್ ಉಳಿಸಿಕೊಳ್ಳಿ, ಮೊದಲು ಒಳ್ಳೆ ಸೋನಾರ್ ಸಿಬ್ಬಂದಿಗೆ ಖರ್ಚು ಮಾಡಿ.